‘ಉಷ್ಣ ಆಗೈತಿ’ ಅಂತ ಸುಮ್ಮನಾಗುವ ಮುನ್ನ

ಬ್ಯಾಡಗಿಯಲ್ಲಿರುವ ನಮ್ಮ ಕಾಕು ಹೋದ ಬೇಸಿಗೆಯಲ್ಲಿ ನಾಲ್ಕು ದಿನ ಉರಿಮೂತ್ರದಿಂದ ಒದ್ದಾಡಿದರು. ಕೇಳಿದರೆ ಒಂದೇ ಮಾತು: ‘ಉಷ್ಣ ಆಗೈತಿ ಬಿಡವಾ, ಹವೀಜದ (ಕೊತ್ತಂಬರಿ ಬೀಜದ) ನೀರು ಕುಡದರ ಹೋಗ್ತೈತಿ.’ ಐದನೇ ದಿನ ಚಳಿಜ್ವರ ಬಂತು. ಎರಡು ಕೌದಿ ಹೊದಿಸಿದರೂ ನಡುಕ ನಿಲ್ಲಲಿಲ್ಲ. ಸೋಂಕು ಕಿಡ್ನಿಗೆ ಏರಿತ್ತು.

ಉಷ್ಣ ಅನ್ನುವ ಮಾತು ಪೂರ್ತಿ ಸುಳ್ಳೇನಲ್ಲ. ಬಿಸಿಲಲ್ಲಿ ಬೆವರು ಹರಿದು, ನೀರು ಕಡಿಮೆಯಾದರೆ ಮೂತ್ರ ಗಟ್ಟಿ ಹಳದಿಯಾಗಿ ಸ್ವಲ್ಪ ಉರಿಯುತ್ತದೆ. ಹಾಗಾಗಿ ಮೊದಲು ಚೆನ್ನಾಗಿ ನೀರು ಕುಡಿದು ನೋಡಿ. ಹವೀಜದ ನೀರು, ತೆಳು ಮಜ್ಜಿಗೆ ಯಾವುದಾದರೂ ಸರಿ. ಮೂತ್ರ ತಿಳಿಯಾದ ಮೇಲೂ ಉರಿ ಹೋಗದಿದ್ದರೆ ಅದು ಉಷ್ಣವಲ್ಲ. ಈ ಪರೀಕ್ಷೆಗೆ ಒಂದು ದಿನ ಸಾಕು, ನಾಲ್ಕು ದಿನ ಬೇಡ. ಗರ್ಭಿಣಿಯರು, ಮಕ್ಕಳು, ಗಂಡಸರು, ಸಕ್ಕರೆ ಕಾಯಿಲೆ ಇರುವವರು ಆ ಒಂದು ದಿನವನ್ನೂ ಕಾಯದೆ ಡಾಕ್ಟರ್‌ಗೆ ತೋರಿಸಬೇಕು.

ಸೋಂಕಿನ ಗುರುತು ಸುಲಭ. ಈಗಷ್ಟೇ ಹೋಗಿ ಬಂದಿದ್ದರೂ ಮತ್ತೆ ಅವಸರ, ಹೋದರೆ ನಾಲ್ಕೇ ಹನಿ. ಕಿಬ್ಬೊಟ್ಟೆ ನೋವು, ಮಬ್ಬು ಬಣ್ಣ, ಕೆಟ್ಟ ವಾಸನೆ. ಹೆಂಗಸರಲ್ಲಿ ಇದು ಜಾಸ್ತಿ, ಯಾಕೆಂದರೆ ಅವರ ಮೂತ್ರನಾಳ ಗಿಡ್ಡ. ಕರುಳಿನಲ್ಲಿರುವ ಇ. ಕೋಲೈ ಬ್ಯಾಕ್ಟೀರಿಯಾ ಬೇಗ ಮೇಲೇರುತ್ತದೆ. ಮೂತ್ರ ಕೆಂಪಗಾದರೆ ಹಿಂದಿನ ದಿನ ಬೀಟ್‌ರೂಟ್ ತಿಂದಿದ್ದಿರಾ ಅಂತ ನೆನಪಿಸಿಕೊಳ್ಳಿ. ತಿಂದಿಲ್ಲವೆಂದರೆ, ನೋವಿಲ್ಲದಿದ್ದರೂ ತೋರಿಸಲೇಬೇಕು.

ಮುಂದಿನದು ಪರೀಕ್ಷೆ. ಹೆಚ್ಚಿನವರು ಎಡವುವುದು ಇಲ್ಲೇ. ಮಾತ್ರೆ ಶುರುಮಾಡುವ ಮೊದಲೇ ಮೂತ್ರ ಕೊಡಬೇಕು. ಕೈ ತೊಳೆಯಿರಿ, ಆ ಜಾಗವನ್ನೂ ಬರೀ ನೀರಲ್ಲಿ ತೊಳೆಯಿರಿ. ಡಬ್ಬಿಯ ಮುಚ್ಚಳ ಬಿಚ್ಚಿ, ಅಂಗಾತ ಇಡಿ. ಡಬ್ಬಿಯ ಒಳಗೆ ಬೆರಳು ತಾಗಬಾರದು. ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಿರಿ, ಕೊನೆಯದು ಬೇಡ. ರೋಣದಿಂದ ಗದಗಕ್ಕೆ ಬಸ್ಸಿನಲ್ಲಿ ಡಬ್ಬಿ ಹಿಡಿದುಕೊಂಡು ಬರಬೇಡಿ. ಸೆಖೆಗೆ ಒಳಗಿನ ಬ್ಯಾಕ್ಟೀರಿಯಾ ಬೆಳೆದು ರಿಪೋರ್ಟ್ ತಪ್ಪಾಗುತ್ತದೆ. ಲ್ಯಾಬಿನಲ್ಲೇ ಕೊಡುವುದು ಒಳ್ಳೆಯದು. ಮೂತ್ರದಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ರಿಪೋರ್ಟ್‌ಗೆ ಎರಡು ಮೂರು ದಿನ ಹಿಡಿಯುತ್ತದೆ. ಯಾವ ಔಷಧ ನಾಟುತ್ತದೆ ಅಂತ ಅದರಲ್ಲೇ ಗೊತ್ತಾಗುವುದು.

ಅಂದಮೇಲೆ ಮೆಡಿಕಲ್ ಶಾಪಿನಲ್ಲಿ ‘ಉರಿಮೂತ್ರದ ಗುಳಿಗಿ ಕೊಡ್ರಿ’ ಅಂತ ಕೇಳಿ ನುಂಗುವುದು ಯಾಕೆ? ಬಾಜೂ ಮನೆಯವರ ಉಳಿದ ಗುಳಿಗೆಯೂ ಬೇಡ. ಡಾಕ್ಟರ್ ಬರೆದಷ್ಟು ದಿನ ಪೂರ್ತಿ ತೆಗೆದುಕೊಳ್ಳಿ, ಉರಿ ಎರಡೇ ದಿನಕ್ಕೆ ನಿಂತರೂ.

ಚಳಿಜ್ವರ, ಪಕ್ಕೆಲುಬಿನ ಕೆಳಗೆ ಬೆನ್ನಿನ ಒಂದು ಬದಿ ನೋವು, ವಾಂತಿ ಬಂದರೆ ಅವತ್ತೇ ಆಸ್ಪತ್ರೆ. ಬೆನ್ನಿನಿಂದ ತೊಡೆಸಂದಿಗೆ ಅಲೆಯಲೆಯಾಗಿ ಇಳಿಯುವ ನೋವು ಸಾಮಾನ್ಯವಾಗಿ ಕಿಡ್ನಿ ಹರಳಿನದು. ಹರಳಿನ ನೋವಿಗೆ ಜ್ವರ ಕೂಡಿದರೆ, ಇಲ್ಲವೇ ಮೂತ್ರವೇ ನಿಂತರೆ ರಾತ್ರಿ ಹಗಲು ನೋಡದೆ 108ಕ್ಕೆ ಫೋನ್ ಮಾಡಿ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್), ಗದಗದ ಜಿಮ್ಸ್ ಎರಡೂ ಸರ್ಕಾರಿ ಆಸ್ಪತ್ರೆಗಳೇ.

ಕಾಕುಗೆ ಸೋಂಕು ಬಂದದ್ದು ಯಾಕೆ? ಮೆಣಸಿನಕಾಯಿ ತೊಟ್ಟು ಬಿಡಿಸಲು ಬೆಳಗ್ಗೆ ಕುಳಿತರೆ ಸಂಜೆಗೇ ಏಳುವುದು. ಹತ್ತಿರ ಶೌಚಾಲಯವಿಲ್ಲ, ಅದಕ್ಕೆ ನೀರೇ ಕುಡಿಯುತ್ತಿರಲಿಲ್ಲ. ಹೀಗೆ ತಡೆದು ಕೂರುವುದು ಹೊಲದಲ್ಲೂ ಇದೆ, ದೂರದ ಬಸ್ಸಿನಲ್ಲೂ ಇದೆ. ನೀರು ಕುಡಿಯುವುದನ್ನೇ ಬಿಡುವುದಕ್ಕಿಂತ ಮೂರು ನಾಲ್ಕು ತಾಸಿಗೊಮ್ಮೆ ಹೋಗಲು ಜಾಗ ಕೇಳುವುದು ವಾಸಿ. ಅಂದಹಾಗೆ, ಮೆಣಸಿನಕಾಯಿ ಮುಟ್ಟಿದ ಕೈಯನ್ನು ಹೋಗುವ ಮೊದಲೇ ಸೋಪಿನಿಂದ ತೊಳೆಯಬೇಕು. ಆ ಉರಿಗೆ ಯಾವ ಡಾಕ್ಟರೂ ಬೇಡ, ಆದರೆ ಅನುಭವಿಸಿದವರಿಗೇ ಗೊತ್ತು!

ಕಿಡ್ನಿ ನಿಧಾನಕ್ಕೆ ಕೆಡುವಾಗ ಉರಿಯೂ ಇರುವುದಿಲ್ಲ, ನೋವೂ ಇರುವುದಿಲ್ಲ. ಕಾಲು ಬಾವು, ಬೆಳಗ್ಗೆ ಊದಿದ ಮುಖ, ಮೂತ್ರದಲ್ಲಿ ಆರದ ನೊರೆ ಕಾಣುವ ಹೊತ್ತಿಗೆ ತಡವಾಗಿರಬಹುದು. ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ವರ್ಷಕ್ಕೊಮ್ಮೆ ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಅಲ್ಬುಮಿನ್ ಪರೀಕ್ಷೆ ಮಾಡಿಸಿ. ಮೊಣಕಾಲು ನೋವಿಗೆ ದಿನಾ ಡೈಕ್ಲೋಫಿನ್ಯಾಕ್ ನುಂಗುವ ಅಭ್ಯಾಸವಿದ್ದರೆ ಅದನ್ನು ಡಾಕ್ಟರ್ ಮುಂದೆ ಬಾಯಿಬಿಟ್ಟು ಹೇಳಿ. ಕಿಡ್ನಿ ಆಗಲೇ ಸೋತಿದ್ದರೆ ಮೇಲೆ ಹೇಳಿದ ನೀರಿನ ಮಾತು ನಿಮಗಲ್ಲ. ಎಷ್ಟು ಲೋಟ ಅಂತ ಡಾಕ್ಟರೇ ಹೇಳಬೇಕು.