ಆ್ಯಂಕರ್ ಒಳಗಿನ ಚಾಡಿಕೋರ: ಫೈಬರ್ ಸೆನ್ಸರ್ ಹಾಕಿದ ನನ್ನ ಅನುಭವ

ಹುಬ್ಬಳ್ಳಿಯ ವಿದ್ಯಾನಗರದ ಕಡೆ ಬೇಸ್‌ಮೆಂಟ್‌ಗೆ ಗುಂಡಿ ತೋಡುತ್ತಿದ್ದೆವು. ಮೇಲೆ ಎರೆ ಮಣ್ಣು, ಕೆಳಗೆ ಗರಸು, ಅದರಡಿ ಮೆತ್ತಗಾದ ಶಿಸ್ಟ್ ಕಲ್ಲು. ಪಕ್ಕದಲ್ಲೇ ಹಳೆ ಮನೆಗಳು. ಗೋಡೆ ಹಿಡಿದಿಡಲು 14 ಮೀಟರ್ ಉದ್ದದ ಗ್ರೌಂಡ್ ಆ್ಯಂಕರ್ (ಗೋಡೆಯ ಹಿಂದಿನ ನೆಲದೊಳಗೆ ಇಳಿಸಿ ಜಗ್ಗಿ ಬಿಗಿಯುವ ಕಟ್ಟು) ಹಾಕಿದೆವು, ಒಂದೊಂದರಲ್ಲೂ 15.2 ಮಿಮೀ ದಪ್ಪದ ಮೂರು ಸ್ಟ್ರ್ಯಾಂಡ್, ಅಂದರೆ ಉಕ್ಕಿನ ತಂತಿ ಹೊಸೆದ ಹಗ್ಗ. ಮೊದಲ 8 ಮೀಟರ್ ಎಲ್ಲೂ ಅಂಟದೆ ಜಗ್ಗುವ ಭಾಗ, ಕೊನೆಯ 6 ಮೀಟರ್ ಗ್ರೌಟ್‌ನಲ್ಲಿ (ತೂತಿಗೆ ತುಂಬುವ ಸಿಮೆಂಟ್ ಗಂಜಿ) ಕಚ್ಚಿಕೊಳ್ಳುವ ಭಾಗ.

ಆ್ಯಂಕರ್‌ನ ತಲೆಗೆ, ಅಂದರೆ ಗೋಡೆಯ ಹೊರಗಿನ ತುದಿಗೆ, ಭಾರ ಅಳೆಯುವ ಲೋಡ್ ಸೆಲ್ ಇಟ್ಟರೆ ಸಾಕಲ್ವಾ ಅಂತ ಎಲ್ಲರೂ ಕೇಳಿದರು. ಅದು ಕೊಡುವುದು ತಲೆಯ ಮೇಲಿನ ಒಂದೇ ಅಂಕಿ. ಒಳಗಿನ 6 ಮೀಟರ್‌ನಲ್ಲಿ ಎಷ್ಟು ದುಡಿಯುತ್ತಿದೆ, ಎಷ್ಟು ಸುಮ್ನೆ ಮಲಗಿದೆ ಅಂತ ಅದಕ್ಕೇನು ಗೊತ್ತು? ಹಾಗಾಗಿ ಒಂದು ಸ್ಟ್ರ್ಯಾಂಡ್‌ಗೆ ಐದು ಎಫ್‌ಬಿಜಿ (ಫೈಬರ್ ಬ್ರ್ಯಾಗ್ ಗ್ರೇಟಿಂಗ್) ಸೆನ್ಸರ್ ಇರುವ, ಕೂದಲಿನಂಥ ಗಾಜಿನ ಫೈಬರ್ ಅಂಟಿಸಿದೆ. ಒಂದೊಂದು ಎಫ್‌ಬಿಜಿಯೂ ತನ್ನದೇ ಒಂದು ಅಲೆಯುದ್ದದ ಬೆಳಕನ್ನು ವಾಪಸ್ ಕಳಿಸುತ್ತದೆ. ಫೈಬರ್ ಹಿಗ್ಗಿದರೆ ಆ ಅಲೆಯುದ್ದ ಸರಿಯುತ್ತದೆ, ಒಂದು ಮೈಕ್ರೋಸ್ಟ್ರೇನ್‌ಗೆ (ಉದ್ದದ ಹತ್ತು ಲಕ್ಷದಲ್ಲಿ ಒಂದು ಪಾಲು ಹಿಗ್ಗಿದರೆ) ಸುಮಾರು 1.2 ಪಿಕೋಮೀಟರ್, ಸಾವಿರ ಪಿಕೋಮೀಟರ್ ಸೇರಿದರೆ ಒಂದು ನ್ಯಾನೋಮೀಟರ್.

ಡ್ರಿಲ್ಲಿಂಗ್ ಹುಡುಗ ನೋಡಿ, ‘ಸರ್ರ, ಈ ಕೂದಲಾ 45 ಟನ್ ತಡೀತೈತೇನ್ರಿ?’ ಅಂದ. ತಡೆಯೋದು ಉಕ್ಕು ಮಾರಾಯ, ಇದು ಬರೀ ಚಾಡಿ ಹೇಳುತ್ತೆ ಅಂದೆ.

ಮೊದಲ ಸಲ ಅಂಟಿಸಿದ್ದು ಮರುದಿನ ಸಿಪ್ಪೆಯ ಹಾಗೆ ಎದ್ದು ಬಂತು. ಸ್ಟ್ರ್ಯಾಂಡ್‌ಗೆ ಗ್ರೀಸ್ ಇತ್ತು, ನಾವು ಒರೆಸಿದ್ದು ಸಾಲದಾಗಿತ್ತು. ಎರಡನೇ ಸಲ ಬಟ್ಟೆ ಬೆಳ್ಳಗೆ ಬರೋವರೆಗೂ ಥಿನ್ನರ್‌ನಲ್ಲಿ ಉಜ್ಜಿ, ಎರಡು ತಂತಿಗಳ ನಡುವಿನ ಸಂದಿಯಲ್ಲಿ ಎಪಾಕ್ಸಿ ಹಾಕಿ ಕೂರಿಸಿದೆವು. ಫೈಬರನ್ನು ವೆಜ್ (ತಲೆಯಲ್ಲಿ ಸ್ಟ್ರ್ಯಾಂಡನ್ನು ಕಚ್ಚಿ ಹಿಡಿಯುವ ಬೆಣೆ) ಒಳಗಿಂದ ತಂದರೆ ಅದರ ಹಲ್ಲಿಗೆ ಸಿಕ್ಕಿ ಪುಡಿಯಾಗುತ್ತದೆ, ಅದಕ್ಕೆ ತಲೆಗಿಂತ ಮೊದಲೇ ಪ್ಲೇಟಿನಲ್ಲಿ ಒಂದು ತೂತು ಕೊರೆದು ಹೊರಗೆ ತಂದೆವು. ಜ್ಯಾಕ್ ಜಗ್ಗುವಾಗ ಸ್ಟ್ರ್ಯಾಂಡ್ ನಾಲ್ಕು ಸೆಂಟಿಮೀಟರ್‌ಗೂ ಜಾಸ್ತಿ ಹೊರಗೆ ಬರುತ್ತದೆ, ಆದ್ದರಿಂದ ಅಲ್ಲಿ ಒಂದು ಸುರುಳಿ ಸಡಿಲ ಬಿಡಲೇಬೇಕು. ಸೊನ್ನೆ ರೀಡಿಂಗನ್ನೂ ಗ್ರೌಟ್ ಬಿಸಿ ಆರಿದ ಮೇಲೆಯೇ ತೆಗೆದುಕೊಂಡೆ.

ನಿಜವಾದ ಪೆಟ್ಟು ತಿಂದಿದ್ದು ಜಗ್ಗುವ ದಿನ. ನಾನು ಸೆನ್ಸರ್‌ಗಳನ್ನು 1540, 1545, 1550 ನ್ಯಾನೋಮೀಟರ್ ಹೀಗೆ ಐದೈದರ ಅಂತರದಲ್ಲಿ ತರಿಸಿದ್ದೆ. ಸಾಫ್ಟ್‌ವೇರ್ ಒಂದೊಂದು ಸೆನ್ಸರ್‌ಗೂ ಒಂದೊಂದು ಕೋಣೆ, ಅಂದರೆ ಅದರ ಅಲೆಯುದ್ದದ ಆಚೀಚೆ ಒಂದಿಷ್ಟು ಜಾಗ, ಹಂಚಿತ್ತು. 20 ಟನ್ ದಾಟುತ್ತಿದ್ದಂತೆ ಮೊದಲನೆಯದು ಮಾಯ, ಎರಡನೆಯದು ಕುಗ್ಗುತ್ತಿದೆ ಅಂತ ತೋರಿಸಿತು. ಜಗ್ಗುವಾಗ ಕುಗ್ಗೋದಾ? ಫೈಬರ್ ಹರೀತು ಅಂತಲೇ ಅಂದುಕೊಂಡೆ. ಆಮೇಲೆ ಕೂತು ಲೆಕ್ಕ ಹಾಕಿದರೆ, 45 ಟನ್‌ಗೆ ಅಂಟದ ಭಾಗದಲ್ಲಿದ್ದ ಮೊದಲ ಸೆನ್ಸರ್ ಹಿಗ್ಗುವುದೇ 5,400 ಮೈಕ್ರೋಸ್ಟ್ರೇನ್, ಅಂದರೆ 6.5 ನ್ಯಾನೋಮೀಟರ್ ಸರಿಯಬೇಕು, ಅದು ಪಕ್ಕದವರ ಕೋಣೆಗೆ ನುಗ್ಗಿತ್ತು ಅಷ್ಟೆ! ಪುಣ್ಯಕ್ಕೆ ಮೂಲ ಸ್ಪೆಕ್ಟ್ರಮ್ (ವಾಪಸ್ ಬಂದ ಬೆಳಕಿನ ಪೂರ್ತಿ ದಾಖಲೆ) ಉಳಿಸಿಕೊಂಡಿದ್ದೆ, ರಾತ್ರಿಯಿಡೀ ಕೈಯಿಂದ ಬಿಡಿಸಿದೆ. ಮುಂದಿನ ಆ್ಯಂಕರ್‌ಗೆ ಹತ್ತರ ಅಂತರ ಇಟ್ಟೆ.

ಬಿಡಿಸಿ ನೋಡಿದರೆ, ಗ್ರೌಟ್ ಭಾಗದೊಳಗೆ ಅರ್ಧ ಮೀಟರ್‌ನಲ್ಲಿ 4,000 ಮೈಕ್ರೋಸ್ಟ್ರೇನ್, ಎರಡು ಮೀಟರ್‌ನಲ್ಲಿ 1,500, ಮೂರೂವರೆಯಲ್ಲಿ 300, ಐದರಲ್ಲಿ ಹೆಚ್ಚುಕಮ್ಮಿ ಸೊನ್ನೆ. ಅಂದರೆ ಆರು ಮೀಟರ್‌ನಲ್ಲಿ ದುಡಿದಿದ್ದು ಮೊದಲ ಮೂರು, ಉಳಿದಿದ್ದು ರಜೆಯಲ್ಲಿತ್ತು.

ಮಳೆ ಹಿಡಿಯಿತು. ಮೂರು ವಾರದಲ್ಲಿ ಲೋಡ್ ಸೆಲ್ ಹೆಚ್ಚೇನೂ ಕದಲಲಿಲ್ಲ, ಆದರೆ ಎರಡು ಮೀಟರ್‌ನ ಸೆನ್ಸರ್ 1,500ರಿಂದ 2,200ಕ್ಕೆ ಏರಿತು. ಉಷ್ಣತೆ ಇರಬಹುದು ಅಂದರು. ಒಂದು ಡಿಗ್ರಿಗೆ ಸುಮಾರು 10 ಪಿಕೋಮೀಟರ್ ಸರಿಯುತ್ತದೆ, ಅದು ಎಂಟು ಮೈಕ್ರೋಸ್ಟ್ರೇನ್‌ನಷ್ಟು. ಉಕ್ಕು ತಾನೇ ಹಿಗ್ಗುವುದನ್ನು ಸೇರಿಸಿದರೂ 700 ಆಗೋದು ಹೇಗೆ? ಮೇಲ್ಭಾಗದ ಹಿಡಿತ ಸಡಿಲಾಗಿ ಭಾರ ಒಳಗೊಳಗೆ ಇಳಿಯುತ್ತಿತ್ತು. ಅಗೆಯೋದು ನಿಲ್ಲಿಸಿ ನಡುವೆ ಇನ್ನೆರಡು ಆ್ಯಂಕರ್ ಹಾಕಿಸಿದೆ, ಮಾಲೀಕರು ಗೊಣಗಿದರು. ರೀಡಿಂಗ್ 2,300ರ ಹತ್ತಿರ ನಿಂತಿತು. ಮುಂದೆ ಗೋಡೆಯ ಕಾಂಕ್ರೀಟ್ ಹಾಕುವವರೆಗೂ ದಿನಾ ಬೆಳಿಗ್ಗೆ ಟೀ ಕುಡಿಯುವ ಮೊದಲು ಅದನ್ನೇ ನೋಡುತ್ತಿದ್ದೆ.