ಸಂಧಿವಾತ, ಸೊಂಟದ ಸುತ್ತಳತೆ ಮತ್ತು ನಾನು

ಕುಂಬಳೆ ಪೇಟೆಯ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಟೆಕ್ನೀಶಿಯನ್. ಬೆಳಗ್ಗೆ ಶಟರ್ ಎತ್ತಿದರೆ ಹನ್ನೊಂದರವರೆಗೆ ರಕ್ತ ತೆಗೆಯುವುದೇ ಕೆಲಸ. ಬರುವವರು ತುಳು, ಮಲಯಾಳ, ಬ್ಯಾರಿ, ಕನ್ನಡ ಯಾವುದರಲ್ಲಾದರೂ ಮಾತಾಡುತ್ತಾರೆ. ಸೂಜಿ ಕಂಡಾಗ ಮಾತ್ರ ಎಲ್ಲರದ್ದೂ ಒಂದೇ ಭಾಷೆ.

ನನಗೆ ರುಮಟಾಯ್ಡ್ ಸಂಧಿವಾತ ಶುರುವಾದದ್ದು ಈ ಕೆಲಸದ ಮಧ್ಯೆಯೇ. ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಗಂಟುಗಳ ಮೇಲೆ ಬೀಳುವ ಕಾಯಿಲೆ ಅದು. ಬೆಳಗ್ಗೆ ಬೆರಳು ಮಡಚಲು ಆಗುತ್ತಿರಲಿಲ್ಲ. ತೋಳಿಗೆ ಪಟ್ಟಿ ಬಿಗಿಯಲು, ಟ್ಯೂಬಿನ ಮುಚ್ಚಳ ತೆಗೆಯಲು ಕೈ ಬರುತ್ತಿರಲಿಲ್ಲ. ಬಿಸಿಲೇರಿದ ಮೇಲೆ ಸ್ವಲ್ಪ ಸಡಿಲ. ಈ ಕಾಯಿಲೆ ಗುರುತಿಸುವ ರಕ್ತಪರೀಕ್ಷೆ ಆಂಟಿ-ಸಿಸಿಪಿ ಪಾಸಿಟಿವ್ ಬಂತು. ಮಂಗಳೂರಿನ ರುಮಟಾಲಜಿಸ್ಟ್ (ಸಂಧಿವಾತ ತಜ್ಞರು) ಮೆಥೊಟ್ರೆಕ್ಸೇಟ್ ಕೊಟ್ಟರು. ಅದು ವಾರಕ್ಕೆ ಒಂದೇ ದಿನ ತಗೊಳ್ಳುವ ಮದ್ದು. ದಿನಾ ನುಂಗಿದರೆ ಜೀವಕ್ಕೇ ಅಪಾಯ, ಇದನ್ನು ಎಷ್ಟು ಸಲ ಹೇಳಿದರೂ ಜಾಸ್ತಿಯಾಗದು. ಮದ್ದು ಹಿಡಿಯುವವರೆಗೆ ಅಂತ ಸಣ್ಣ ಡೋಸಿನ ಸ್ಟೀರಾಯ್ಡ್ ಕೂಡ ಇತ್ತು. ಅದರಿಂದ ನೋವು ಇಳಿಯಿತು, ಹಸಿವು ಏರಿತು. ಮೊದಲೇ ದಪ್ಪ ಇದ್ದವಳು ಇನ್ನಷ್ಟು ದಪ್ಪವಾದೆ.

ಮದ್ದು ಕೆಲಸ ಮಾಡಿತು, ಆದರೆ ಅರ್ಧಕ್ಕೆ ನಿಂತಿತು. ಆಗ ಡಾಕ್ಟರು ಹೇಳಿದ್ದು, "ನೀವು ತೂಕ ಸ್ವಲ್ಪ ಇಳಿಸಿದರೆ ಮದ್ದಿಗೂ ಕೆಲಸ ಸುಲಭ ಆಗ್ತದೆ."

ತೂಕ ಇಳಿದರೆ ಮೊಣಕಾಲಿಗೆ ಒಳ್ಳೆಯದು ಅಂತ ಗೊತ್ತಿತ್ತು. ಮೈಯಲ್ಲಿ ಒಂದು ಕೆ.ಜಿ. ಕಡಿಮೆಯಾದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಸುಮಾರು ನಾಲ್ಕು ಕೆ.ಜಿ. ಹೊರೆ ಕಡಿಮೆ. ಆದರೆ ನನಗೆ ನೋವು ಬೆರಳಿನಲ್ಲಿ. ನಾನೇನು ಕೈಯಲ್ಲಿ ನಡೆಯುತ್ತೇನಾ? ಹೊಟ್ಟೆಯ ಕೊಬ್ಬಿಗೂ ಬೆರಳ ಗಂಟಿಗೂ ಏನು ಸಂಬಂಧ ಅಂತ ಕೂತು ಓದಿದೆ.

ನಮ್ಮ ಸ್ಲೈಡುಗಳಲ್ಲಿ ನಾನು ದಿನಾ ನೋಡುವ ಒಂದು ಬಿಳಿ ರಕ್ತಕಣ ಇದೆ, ಮೊನೊಸೈಟ್. ದೊಡ್ಡದು, ನಡುವೆ ತಗ್ಗು ಬಿದ್ದ ಕೋಶಕೇಂದ್ರ. ಅದು ರಕ್ತನಾಳ ಬಿಟ್ಟು ಒಳಗಿಳಿದರೆ ಮ್ಯಾಕ್ರೊಫೇಜ್ ಆಗುತ್ತದೆ. ಕೊಬ್ಬಿನ ಕೋಶ ಉಬ್ಬುತ್ತಾ ಹೋದರೆ ಅದಕ್ಕೆ ಆಮ್ಲಜನಕ ಸಾಲುವುದಿಲ್ಲ, ಕೆಲವು ಸಾಯುತ್ತವೆ. ಅವನ್ನು ತಿಂದು ತೆಗೆಯಲು ಮ್ಯಾಕ್ರೊಫೇಜುಗಳು ಬಂದು ಸುತ್ತ ಕೂರುತ್ತವೆ. ಬಂದವು ಸುಮ್ನೆ ಕೂರುವುದಿಲ್ಲ. ಟಿಎನ್‌ಎಫ್, ಐಎಲ್-6 ಎಂಬ ಉರಿಯೂತದ ರಾಸಾಯನಿಕಗಳನ್ನು ಬಿಡುತ್ತವೆ. ಬೊಜ್ಜಿನಲ್ಲಿ ಟಿಎನ್‌ಎಫ್ ಇದೆ ಅಂತ ಗೊತ್ತಾದದ್ದು 1993ರಲ್ಲಿ, ಅಲ್ಲಿ ಮ್ಯಾಕ್ರೊಫೇಜುಗಳು ತುಂಬಿಕೊಂಡಿವೆ ಅಂತ ತೋರಿಸಿದ್ದು 2003ರಲ್ಲಿ. ಸಂಧಿವಾತದಲ್ಲಿ ಗಂಟಿನ ಒಳಪದರವನ್ನು ಉಬ್ಬಿಸುವುದೂ ಇದೇ ಟಿಎನ್‌ಎಫ್, ಇದೇ ಐಎಲ್-6. ದುಬಾರಿ ಇಂಜೆಕ್ಷನ್‌ಗಳು ತಡೆಯಲು ನೋಡುವುದೂ ಇವನ್ನೇ. ಅಂದರೆ ಒಂದು ಕಡೆ ಮದ್ದು ನಲ್ಲಿ ಮುಚ್ಚುತ್ತಿದೆ, ಇನ್ನೊಂದು ಕಡೆ ನನ್ನದೇ ಹೊಟ್ಟೆ ಮತ್ತೊಂದು ನಲ್ಲಿ ತೆರೆದಿಟ್ಟಿದೆ.

ಇನ್ನೊಂದು, ಲೆಪ್ಟಿನ್. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಕಂಡುಹಿಡಿದ ಹಾರ್ಮೋನು. ಹೊಟ್ಟೆ ತುಂಬಿತು ಅಂತ ಮೆದುಳಿಗೆ ಹೇಳುವುದು ಅದರ ಕೆಲಸ. ಕೊಬ್ಬು ಜಾಸ್ತಿಯಾದಷ್ಟೂ ರಕ್ತದಲ್ಲಿ ಲೆಪ್ಟಿನ್ ಜಾಸ್ತಿ. ಅದು ಪ್ರತಿರಕ್ಷಣಾ ಕಣಗಳ ಮೇಲೂ ಕೈಯಾಡಿಸುತ್ತದೆ. ಜಗಳ ಹಚ್ಚುವ ಟಿ-ಕಣಗಳನ್ನು ಎಬ್ಬಿಸುತ್ತದೆ, ಜಗಳ ಬಿಡಿಸುವ ರೆಗ್ಯುಲೇಟರಿ ಟಿ-ಕಣಗಳನ್ನು ಕೂರಿಸುತ್ತದೆ. ತನ್ನ ಗಂಟುಗಳನ್ನೇ ಶತ್ರು ಅಂತ ತಿಳಿದಿರುವ ದೇಹಕ್ಕೆ ಇದು ಬೇಕಿತ್ತಾ?

ಲ್ಯಾಬಿನವಳಾಗಿ ನನ್ನ ಕಣ್ಣು ತೆರೆಸಿದ್ದು ಉರಿಯೂತ ಎಷ್ಟಿದೆ ಅಂತ ಹೇಳುವ ರಕ್ತಪರೀಕ್ಷೆ, ಇಎಸ್‌ಆರ್. ಹೆಪ್ಪುಗಟ್ಟದಂತೆ ಸಿಟ್ರೇಟ್ ಬೆರೆಸಿದ ರಕ್ತವನ್ನು ಉದ್ದನೆಯ ವೆಸ್ಟರ್‌ಗ್ರೆನ್ ನಳಿಕೆಗೆ ಏರಿಸಿ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸುತ್ತೇವೆ. ಒಂದು ಗಂಟೆ ಬಿಟ್ಟು ನೋಡಿದರೆ ಕೆಂಪು ಕೆಳಗಿಳಿದು ಮೇಲೆ ತಿಳಿ ಹಳದಿ ನೀರು ನಿಂತಿರುತ್ತದೆ. ಕೆಂಪು ಎಷ್ಟು ಮಿಲಿಮೀಟರ್ ಇಳಿಯಿತೋ ಅದೇ ಇಎಸ್‌ಆರ್. ಐಎಲ್-6 ಲಿವರಿಗೆ ಹೋಗಿ ಫೈಬ್ರಿನೊಜೆನ್ ಎಂಬ ಪ್ರೋಟೀನ್ ಜಾಸ್ತಿ ಮಾಡಿಸುತ್ತದೆ. ಅದು ಇದ್ದರೆ ಕೆಂಪು ಕಣಗಳು ನಾಣ್ಯ ಪೇರಿಸಿದ ಹಾಗೆ ಒಂದಕ್ಕೊಂದು ಅಂಟಿ ಭಾರವಾಗಿ ಬೇಗ ಇಳಿಯುತ್ತವೆ. ಉರಿಯೂತ ತೋರಿಸುವ ಇನ್ನೊಂದು ಪರೀಕ್ಷೆಯಾದ ಸಿಆರ್‌ಪಿಯೂ ಐಎಲ್-6 ಹೇಳಿದ ಮಾತಿಗೇ ಏರುವುದು. ಹಾಗಾಗಿ ಸಂಧಿವಾತವೇ ಇಲ್ಲದ ದಪ್ಪ ಹೆಂಗಸರಲ್ಲೂ ಇವೆರಡೂ ಸ್ವಲ್ಪ ಏರಿರುತ್ತವೆ. ನನ್ನ ನಳಿಕೆಯಲ್ಲಿ ಇಳಿದ ಕೆಂಪಿನಲ್ಲಿ ಗಂಟಿನ ಪಾಲು ಎಷ್ಟು, ಹೊಟ್ಟೆಯ ಪಾಲು ಎಷ್ಟು? ನಳಿಕೆ ಅದನ್ನು ಹೇಳುವುದಿಲ್ಲ. ಅದಕ್ಕೇ ಒಳ್ಳೆಯ ಡಾಕ್ಟರು ರಿಪೋರ್ಟ್ ಮಾತ್ರ ನೋಡದೆ ಗಂಟುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಾರೆ. ಇಎಸ್‌ಆರ್ ಏರಿತು ಅಂತ ಕೌಂಟರಿನಲ್ಲೇ ಅಳಲು ಶುರುಮಾಡುವವರಿಗೆ ನಾನು ಈಗ ಇದನ್ನೇ ಹೇಳುತ್ತೇನೆ.

ಇಳಿಸಿದ್ದು ಹೇಗೆ? ಉಪವಾಸ ಮಾಡಲಿಲ್ಲ. ಈ ಕಾಯಿಲೆ ಸ್ನಾಯುವನ್ನೂ ತಿನ್ನುತ್ತದೆ. ಊಟ ಬಿಟ್ಟು ಇಳಿಸಿದರೆ ಹೋಗುವುದು ಮೊದಲೇ ಕಡಿಮೆ ಇರುವ ಸ್ನಾಯು. ಹಾಗಾಗಿ ತಕ್ಕಡಿಗಿಂತ ಟೈಲರ್ ಟೇಪನ್ನೇ ಜಾಸ್ತಿ ನಂಬಿದೆ. ನಮ್ಮ ದೇಶದ ಹೆಂಗಸರಿಗೆ ಸೊಂಟ 80 ಸೆಂ.ಮೀ., ಗಂಡಸರಿಗೆ 90 ದಾಟಬಾರದು ಅನ್ನುತ್ತಾರೆ. ಎತ್ತರಕ್ಕೆ ತಕ್ಕ ತೂಕದ ಲೆಕ್ಕವಾದ ಬಿಎಂಐ 23 ದಾಟಿದರೇ ನಮಗೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು.

ಅನ್ನದ ಬಟ್ಟಲು ಸಣ್ಣದಾಯಿತು, ಪದಾರ್ಥದ ಬಟ್ಟಲು ದೊಡ್ಡದಾಯಿತು. ರಾತ್ರಿಗೆ ಕುಚ್ಚಲಕ್ಕಿ ಗಂಜಿ ಬಿಡಲಿಲ್ಲ, ಜೊತೆಗೆ ಹೆಸರುಕಾಳಿನ ಪಲ್ಯವೋ ಹುರುಳಿ ಸಾರೋ ಇರಲೇಬೇಕು ಅಂತ ಮಾಡಿಕೊಂಡೆ. ಬೂತಾಯಿ, ಬಂಗುಡೆ ನಮ್ಮ ಕಡಲಿನದ್ದೇ, ಒಮೇಗಾ-3 ಇರುವ ಮೀನು. ಹುರಿಯುವುದು ಬಿಟ್ಟು ಪುಳಿಮುಂಚಿ (ಹುಳಿ-ಖಾರದ ಸಾರು) ಮಾಡಿದೆ. ಕಷ್ಟವಾದದ್ದು ಸಂಜೆಯ ಚಾ. ಗೋಳಿಬಜೆ, ಬನ್ಸ್, ಬಾಳೆಕಾಯಿ ಚಿಪ್ಸ್ ಇಲ್ಲದೆ ನಮ್ಮ ಕಡೆ ಚಾ ಕುಡಿದದ್ದು ಲೆಕ್ಕಕ್ಕೇ ಇಲ್ಲ. ಅತ್ತೆಯ ಹಲಸಿನ ಹಪ್ಪಳದ ಡಬ್ಬ ಬೇರೆ. "ಮದ್ದು ತಿನ್ನುವವಳು ಹೊಟ್ಟೆ ತುಂಬ ತಿನ್ನಬೇಡ್ವಾ ಮಗಾ?" ಅಂತ ಅವರು ಬೇಜಾರು ಮಾಡಿಕೊಂಡರು. ಜಗಳವಾಡಲಿಲ್ಲ. ಹಪ್ಪಳ ಕೆಂಡದಲ್ಲಿ ಸುಟ್ಟುಕೊಡಿ ಅಂದೆ. ಅದು ಅವರಿಗೂ ಇಷ್ಟವಾಯಿತು. ಜಾತ್ರೆ, ಬ್ರಹ್ಮಕಲಶದ ಪಾಯಸ ಮಾತ್ರ ಬಿಡಲಿಲ್ಲ, ಅಷ್ಟು ಸನ್ಯಾಸ ನನ್ನಿಂದಾಗದು.

ಯಾವುದೋ ವಿಶೇಷ ಡಯಟ್ ಹಿಡಿಯಿರಿ, ಗೋಧಿ ಬಿಡಿ, ಟೊಮೆಟೊ ಬಿಡಿ ಅಂತ ಹೇಳುವವರು ಬೇಕಷ್ಟು ಸಿಗುತ್ತಾರೆ. ಅಮೆರಿಕದ ಸಂಧಿವಾತ ತಜ್ಞರ ಸಂಘ 2022ರಲ್ಲಿ ಕೊಟ್ಟ ಮಾರ್ಗದರ್ಶಿಯಲ್ಲಿ ಬಲವಾಗಿ ಒತ್ತಿ ಹೇಳಿದ್ದು ವ್ಯಾಯಾಮವನ್ನು. ಆಹಾರದಲ್ಲಿ ತರಕಾರಿ, ಕಾಳು, ಮೀನು ಜಾಸ್ತಿ ಇರುವ ಮೆಡಿಟರೇನಿಯನ್ ಊಟಕ್ಕೆ ಮಾತ್ರ ಸ್ವಲ್ಪ ಒಲವು. ನಮ್ಮ ಪುಳಿಮುಂಚಿ, ಹುರುಳಿ ಸಾರು ಅದರಿಂದ ಬಹಳ ದೂರ ಇಲ್ಲ.

ನಡಿಗೆಗೆ ಮೊದಲು ಕೊಯಿಪ್ಪಾಡಿ ಕಡಲ ಬದಿಗೆ ಹೋದೆ. ಮರಳಿನಲ್ಲಿ ಪಾದದ ಗಂಟು ಹೊರಳುತ್ತದೆ, ಸರಿಬರಲಿಲ್ಲ. ಗಟ್ಟಿ ರಸ್ತೆಯೇ ವಾಸಿ. ಮಳೆಗಾಲದಲ್ಲಿ ಜಗಲಿಯಲ್ಲೇ ಆಚೆಈಚೆ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ರಬ್ಬರ್ ಬ್ಯಾಂಡ್ ಎಳೆಯುವುದು ಇವು ಸ್ನಾಯುವಿಗೆ. ಗಂಟು ಊದಿ ಬಿಸಿಯಾಗಿರುವ ದಿನ ಎಳೆದಾಟ ಇಲ್ಲ, ಮೆಲ್ಲ ಮಡಚಿ ಬಿಡಿಸುವುದಷ್ಟೇ.

ಬೆಳಗಿನ ಬಿಗಿತ ಮೊದಲು ಕಡಿಮೆಯಾಯಿತು, ಟೇಪು ಆಮೇಲೆ. ಸ್ಟೀರಾಯ್ಡನ್ನು ಡಾಕ್ಟರೇ ಮೆಲ್ಲ ಇಳಿಸಿ ನಿಲ್ಲಿಸಿದರು. ಅದನ್ನು ನಾವಾಗಿ ಒಮ್ಮೆಲೇ ನಿಲ್ಲಿಸಬಾರದು. ಲಿವರ್ ರಿಪೋರ್ಟ್ ಕೂಡ ಸುಧಾರಿಸಿತು. ಬೊಜ್ಜಿನವರ ಲಿವರಿನಲ್ಲಿ ಕೊಬ್ಬು ಇರುತ್ತದೆ, ಮೆಥೊಟ್ರೆಕ್ಸೇಟ್ ಕೂಡ ಲಿವರನ್ನೇ ಕೆಣಕುವ ಮದ್ದು, ಹಾಗಾಗಿ ಇದು ನನಗೆ ದೊಡ್ಡ ಲಾಭ. ಮೆಥೊಟ್ರೆಕ್ಸೇಟ್ ಈಗಲೂ ವಾರಕ್ಕೊಮ್ಮೆ ಇದೆ. ತೂಕ ಇಳಿಸಿದರೆ ಮದ್ದು ಬೇಡ ಅಂತ ಅಲ್ಲ.

ಒಂದು ಎಚ್ಚರ. ಸಂಧಿವಾತ ಇರುವವರಲ್ಲಿ ದಪ್ಪ ಇದ್ದವರ ಎಕ್ಸ್‌ರೇಯಲ್ಲಿ ಮೂಳೆ ಸವೆತ ಕಡಿಮೆ ಕಂಡದ್ದೂ ಉಂಟು, ತೀರಾ ತೆಳ್ಳಗಿನವರಿಗೆ ಜೀವಕ್ಕೆ ಅಪಾಯ ಜಾಸ್ತಿ ಇರುವುದೂ ಉಂಟು. ಹಾಗಂತ ಬೊಜ್ಜು ಒಳ್ಳೆಯದು ಅಂತ ಅಲ್ಲ. ಆದರೆ ಏನೂ ಪ್ರಯತ್ನ ಮಾಡದೆ ತೂಕ ತಾನಾಗಿ ಇಳಿಯುತ್ತಿದ್ದರೆ ಖುಷಿಪಡಬೇಡಿ. ಕಾಯಿಲೆ ಜೋರಾಗಿದೆಯೋ, ಬೇರೇನಾದರೂ ಇದೆಯೋ ಅಂತ ನೋಡಬೇಕು. ಅಂಥವರು ಲ್ಯಾಬಿಗೆ ಬಂದು "ಅಕ್ಕ, ಸಣ್ಣ ಆಗಿದ್ದೇನಲ್ವಾ?" ಅಂತ ಕೇಳಿದಾಗ ನಾನು ಮೊದಲು ಕೇಳುವುದು, ಡಾಕ್ಟರಿಗೆ ಹೇಳಿದ್ದೀರಾ ಅಂತ.