ಆ ಕಹಿ ಬಾಟಲಿಯದಲ್ಲ: ಮನೆಯಲ್ಲಿ ಜಿನ್, ಅಮಾರೋ ಮತ್ತು ಮೂಸಂಬಿ

ಕಳೆದ ಬೇಸಿಗೆಯಲ್ಲಿ ವಿದೇಶದಿಂದ ಮರಳಿದ ನನ್ನ ತಮ್ಮ ದಾವಣಗೆರೆಯ ನಮ್ಮ ಮನೆಗೆ ಅಮಾರೋ ಮಾಂಟೆನೆಗ್ರೊ ಬಾಟಲಿಯೊಂದನ್ನು ತಂದುಕೊಟ್ಟ. ಇಟಾಲಿಯನ್ ಭಾಷೆಯಲ್ಲಿ ಅಮಾರೋ ಎಂದರೆ ಕಹಿ. ಬೇರು, ತೊಗಟೆ, ಮಸಾಲೆಗಳ ಸಾರವನ್ನು ಮದ್ಯಸಾರದಲ್ಲಿ ಇಳಿಸಿ, ಸಕ್ಕರೆ ಬೆರೆಸಿ ಮಾಡುವ ಇದನ್ನು ಇಟಲಿಯವರು ಊಟದ ನಂತರ ಜೀರ್ಣಕ್ಕೆಂದು ಸ್ವಲ್ಪವೇ ಕುಡಿಯುತ್ತಾರೆ. 1885ರಲ್ಲಿ ಅಲ್ಲಿನ ಬೊಲೊನ್ಯಾ ನಗರದಲ್ಲಿ ಹುಟ್ಟಿದ ಮಾಂಟೆನೆಗ್ರೊದಲ್ಲಿ ಮದ್ಯಸಾರ ಶೇ 23ರಷ್ಟು. ಬಾಯಿಗಿಟ್ಟಾಗ ಕಿತ್ತಳೆಯ ಪರಿಮಳ ಮೊದಲು ಬಂದು, ಕಹಿ ತಡವಾಗಿ ನಾಲಿಗೆಯ ಹಿಂಭಾಗದಲ್ಲಿ ನಿಲ್ಲುತ್ತದೆ. ಜುನಿಪರ್ ಕಾಯಿಯ ಘಾಟಿರುವ ಜಿನ್ನಿಗೂ ನಮ್ಮ ಮೂಸಂಬಿ, ನಿಂಬೆಗಳಿಗೂ ಇದು ಚೆನ್ನಾಗಿ ಹೊಂದುತ್ತದೆಂದು ನನಗೆ ಅನ್ನಿಸಿತು.

ಅಳತೆಗೆ ಕೆಮ್ಮಿನ ಔಷಧಿಯ ಬಾಟಲಿಯ ಮುಚ್ಚಳವನ್ನು ತೊಳೆದಿಟ್ಟುಕೊಂಡೆ. ಅದರೊಳಗೆ 5 ಮತ್ತು 10 ಮಿಲಿಯ ಗೆರೆಗಳಿರುತ್ತವೆ. ಪಾನೀಯವನ್ನು ಕುಲುಕಿ ಬೆರೆಸುವ ಶೇಕರ್ ಬದಲಿಗೆ ತಿರುಪಿನ ಮುಚ್ಚಳದ ಸ್ಟೀಲ್ ಡಬ್ಬಿ ಸಾಕಾಯಿತು.

ಜಿನ್, ಅಮಾರೋ, ಮೂಸಂಬಿ ಮತ್ತು ನಿಂಬೆರಸ ಬೆರೆಸಿ ಮೊದಲ ಸಲ ಕುಡಿದಾಗ ಬಾಯೆಲ್ಲ ಕಹಿಯಾಯಿತು. ಅಮಾರೋ ಹೆಚ್ಚಾಯಿತೆಂದು 30 ಮಿಲಿಯನ್ನು 20ಕ್ಕೆ ಇಳಿಸಿದರೂ ಕಹಿ ಕಡಿಮೆಯಾಗಲಿಲ್ಲ. ಕೊನೆಗೆ ಒಂದೊಂದನ್ನೂ ಪ್ರತ್ಯೇಕವಾಗಿ ಚಮಚದಲ್ಲಿ ನೆಕ್ಕಿ ನೋಡಿದಾಗ, ಮಧ್ಯಾಹ್ನವೇ ಹಿಂಡಿ ಫ್ರಿಜ್ಜಿನಲ್ಲಿಟ್ಟಿದ್ದ ಮೂಸಂಬಿ ರಸವೇ ಅಮಾರೋಗಿಂತ ಕಹಿಯಾಗಿತ್ತು. "ಮೂಸಂಬಿ ಹಿಂಡಿದ ಕೂಡ್ಲೆ ಕುಡಿಬೇಕ್ರಿ, ಇಟ್ರೆ ಕಹಿ ಆಗ್ತತಿ" ಎಂದು ನನ್ನ ಹೆಂಡತಿ ಅಡುಗೆಮನೆಯಿಂದಲೇ ಹೇಳಿದಳು. ಅವಳ ಮಾತಿಗೆ ರಸಾಯನಶಾಸ್ತ್ರದ ಆಧಾರವೂ ಇದೆ. ಹಣ್ಣಿನಲ್ಲಿ ಕಹಿಯಿಲ್ಲದ ರೂಪದಲ್ಲಿರುವ ವಸ್ತುವೊಂದು, ಹಿಂಡಿದ ನಂತರ ರಸದ ಹುಳಿಯೊಡನೆ ಸೇರಿ ನಿಧಾನವಾಗಿ ಲಿಮೊನಿನ್ ಎಂಬ ಕಹಿ ವಸ್ತುವಾಗಿ ಮಾರ್ಪಡುತ್ತದೆ. ಬೀಜ ಮತ್ತು ಸಿಪ್ಪೆಯೊಳಗಿನ ಬಿಳಿ ಪದರದಲ್ಲಿ ಇದರ ಮೂಲ ಹೆಚ್ಚು. ನಾನು ಒತ್ತಿ ಒತ್ತಿ ಹಿಂಡಿ ಅವೆರಡನ್ನೂ ರಸಕ್ಕೆ ಇಳಿಸಿದ್ದೆ.

ಅಂದಿನಿಂದ ಪಿ.ಬಿ. ರಸ್ತೆಯ ಬದಿಯ ತಳ್ಳುಗಾಡಿಯಲ್ಲಿ ಕೈಗೆ ಭಾರವೆನಿಸುವ ಮೂಸಂಬಿಯನ್ನೇ ಆರಿಸಿ ತಂದು, ಉಳಿದದ್ದೆಲ್ಲ ಸಿದ್ಧವಾದ ಮೇಲಷ್ಟೇ ಅಡ್ಡಕ್ಕೆ ಕೊಯ್ದು, ಬೀಜ ತೆಗೆದು, ಮೆಲ್ಲಗೆ ಹಿಂಡಿ ಚಹಾ ಜರಡಿಯಲ್ಲಿ ಸೋಸುತ್ತೇನೆ. ನಿಂಬೆಯ ವಿಷಯದಲ್ಲಿಯೂ ಎಚ್ಚರ ಬೇಕು. ಪಾಶ್ಚಾತ್ಯ ವಿಧಾನಗಳಲ್ಲಿ ಹೇಳುವ ಲೆಮನ್ ಎಂದರೆ ದಪ್ಪ ಸಿಪ್ಪೆಯ ದೊಡ್ಡ ಹಳದಿ ಹಣ್ಣು. ನಮ್ಮ ತೆಳುಸಿಪ್ಪೆಯ ನಿಂಬೆ ಲೈಮ್ ಜಾತಿಯದು, ನಾಲಿಗೆಗೆ ಹೆಚ್ಚು ಚುರುಕು. ಆದ್ದರಿಂದ ಅಲ್ಲಿ 20 ಮಿಲಿ ಎಂದಿದ್ದರೆ ನಾನು 15 ಮಿಲಿ ಹಾಕುತ್ತೇನೆ.

ಈಗ ನನ್ನ ಅಳತೆ ಇಷ್ಟು: ಜಿನ್ 45, ಅಮಾರೋ 20, ಮೂಸಂಬಿ ರಸ 20, ನಿಂಬೆರಸ 15, ಸಮಪ್ರಮಾಣದ ಸಕ್ಕರೆ ಮತ್ತು ನೀರಿನ ಪಾಕ 5 ಮಿಲಿ. ಹಾಗಲಕಾಯಿಗೆ ಉಪ್ಪು ಸವರಿಡುವ ಅಭ್ಯಾಸವನ್ನು ನೆನೆದು ಒಮ್ಮೆ ಎರಡು ಹನಿ ಉಪ್ಪುನೀರು ಸೇರಿಸಿದೆ. ಉಪ್ಪಿನ ರುಚಿ ಗೊತ್ತಾಗಲೇ ಇಲ್ಲ, ಆದರೆ ಕಹಿಯ ಮೊನೆ ಮುರಿದು ಕಿತ್ತಳೆಯ ಪರಿಮಳ ಮೇಲೆದ್ದಿತು. ಉಪ್ಪು ಕಹಿಯನ್ನು ತಗ್ಗಿಸುವುದು ನಿಜ, ಮತ್ತು ಈ ಎರಡು ಹನಿಯನ್ನು ನಾನು ಇನ್ನೆಂದೂ ಬಿಟ್ಟಿಲ್ಲ.

ಹುಳಿ ರಸವಿರುವ ಪಾನೀಯವನ್ನು ಕಲಕಿದರೆ ಸಾಲದು, ಕುಲುಕಬೇಕು. ಆದರೆ ಏಪ್ರಿಲ್ಲಿನ ದಾವಣಗೆರೆಯಲ್ಲಿ ಐಸ್ ಟ್ರೇಯಿಂದ ತೆಗೆದ ಎರಡೇ ನಿಮಿಷದಲ್ಲಿ ನೀರಾಡಲು ಶುರುಮಾಡುತ್ತದೆ, ಹೀಗೆ ಒದ್ದೆಯಾದ ಐಸ್ ಹಾಕಿದರೆ ರುಚಿ ತೆಳುವಾಗುತ್ತದೆ. ಅದಕ್ಕಾಗಿ ಡಬ್ಬಿಯನ್ನೂ ಲೋಟವನ್ನೂ ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು, ಐಸನ್ನು ಕೊನೆಯಲ್ಲಿ ಹಾಕಿ, ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಹನ್ನೆರಡರವರೆಗೆ ಎಣಿಸುತ್ತಾ ಜೋರಾಗಿ ಕುಲುಕುತ್ತೇನೆ. ಲೋಟಕ್ಕೆ ಸೋಸಿದ ಮೇಲೆ ಮೂಸಂಬಿಯ ಹಸಿರು ಸಿಪ್ಪೆಯ ತೆಳುಪಟ್ಟಿಯೊಂದನ್ನು, ಹೊರಮೈ ಕೆಳಮುಖವಾಗಿರುವಂತೆ ಹಿಡಿದು ಚಿವುಟಿದರೆ, ಕಣ್ಣಿಗೆ ಕಾಣುವಷ್ಟು ಸಣ್ಣ ಎಣ್ಣೆಹನಿಗಳು ನೊರೆಯ ಮೇಲೆ ಬಿದ್ದು ಹರಡುತ್ತವೆ.